ಅೞಿದ ಅಕ್ಷರ

ಜಪಾನೀಯರ ಕಾಂಜಿ ಲಿಪಿಯಲ್ಲಿ ಒಂದೊಂದು ಅಕ್ಷರವೂ ತನ್ನದೇ ಅರ್ಥವನ್ನು ಹೊತ್ತುಕೊಂಡಿರುವದು. ನಮ್ಮ ಅಕ್ಷರಗಳಿಗೆ ಆ ಭಾಗ್ಯವಿಲ್ಲ. ಅವು ಬರಿಯ ಧ್ವನಿಯ ಗುರುತುಗಳು. ಆದರೂ ನಮ್ಮ ಒಂದು ಅಕ್ಷರವು ಹೋಗುವಾಗ ಹಲವು ಅರ್ಥಗಳ ನಡುವಣ ಬದುವನ್ನೇ ಕಿತ್ತುಕೊಂಡು ಹೋಯಿತು. ಅದೇ ೞಕಾರವು.

ನನಗೆ ಅದರ ಪರಿಚಯವಾದದ್ದು ಪುಸ್ತಕದಿಂದಲ್ಲ, ಬೈಗುಳದಿಂದ. ನಮ್ಮ ತೀರ್ಥರೂಪರು ಲಕ್ಷ್ಮೇಶ್ವರದಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ರವಿವಾರ ಬಂದಿತೆಂದರೆ ಸೋಮೇಶ್ವರ ಗುಡಿಯ ಕಡೆಗೋ, ಶಿರಹಟ್ಟಿ ಮುಂಡರಗಿಗಳ ಹೊಲಗಳಲ್ಲಿಯ ಕಲ್ಲುಗಳ ಕಡೆಗೋ ಹೊರಡುವರು. ಕಲ್ಲಿಗೆ ಹಿಟ್ಟು ಸವರುವದು ನನ್ನ ಕೆಲಸ, ಓದಿ ಬರೆದುಕೊಳ್ಳುವದು ಅವರದು. ಒಮ್ಮೆ ಅವರ ಕಣ್ಣು ನೋಯುತ್ತಿದ್ದುದರಿಂದ ನಾನೇ ಬರೆದೆನು. ದತ್ತಿಯನ್ನು ಕೆಡಿಸುವವನಿಗೆ ಶಾಪ ಹಾಕುವ ಕಡೆಯ ಸಾಲಿನಲ್ಲಿ ಕಲ್ಲಿನ ಮೇಲೆ ‘ಅೞಿದವಂ’ ಎಂದಿದ್ದುದು ನನ್ನ ಕೈಯಲ್ಲಿ ‘ಅಳಿದವಂ’ ಆಗಿತ್ತು. ಅವರು ವಹಿಯನ್ನು ನೋಡಿ, “ತಮ್ಮಾ, ಅಳಿಸಿದವನಿಗೆ ಶಾಪವಿದ್ದ ಸಾಲಿನಲ್ಲಿಯೇ ಅಕ್ಷರವನ್ನು ಅಳಿಸಿ ಬಂದೆಯಲ್ಲಾ!” ಎಂದರು.

ಅಂದಿನ ರಾತ್ರಿ ಕಂದೀಲಿನ ಮುಂದೆ ಕೂಡ್ರಿಸಿಕೊಂಡು ತಿಳಿಸಿ ಹೇಳಿದರು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಎಳೆ’ಯದು ಕೋಮಲವಾದುದು, ‘ಎೞೆ’ದರೆ ಜಗ್ಗಿದಂತೆ. ‘ಉಳಿ’ಯಿಂದ ಕಲ್ಲು ಕಡೆಯುವರು, ಕಡೆದದ್ದು ‘ಉೞಿ’ಯುವದು. ‘ಅಳಿ’ ಹೂವಿನ ಮೇಲಣ ದುಂಬಿ, ‘ಅೞಿ’ ನಾಶವಾಗು. ಏಳು ಎಂಬುದು ಎದ್ದು ಎಂದೂ, ಬೀಳು ಎಂಬುದು ಬಿದ್ದು ಎಂದೂ ಏಕೆ ಆಗುವದೆಂದು ನಾವು ಯಾರೂ ಕೇಳುವದಿಲ್ಲ. ಮೂಲದಲ್ಲಿ ಅವು ‘ಎೞ್ದು’, ‘ಬಿೞ್ದು’. ವ್ಯಂಜನದ ಮುಂದಿನ ೞಕಾರವು ರೇಫೆಯಾಗಿ, ಆ ರೇಫೆಯೂ ದಕಾರದಲ್ಲಿ ಅಡಗಿ ಎದ್ದಿತು, ಬಿದ್ದಿತು. ‘ಪೊೞ್ತು’ ಹೊತ್ತಾದದ್ದೂ, ‘ಕೞ್ತೆ’ ಕತ್ತೆಯಾದದ್ದೂ ಹೀಗೆಯೇ. ನಮ್ಮ ಕತ್ತೆಯ ಬೆನ್ನ ಮೇಲೆಯೂ ಸತ್ತ ಅಕ್ಷರವೊಂದರ ಭಾರವಿರುವದೆಂದು ತಿಳಿದು ನಾನು ಆ ರಾತ್ರಿ ಬಹಳ ನಕ್ಕೆನು.

ಕ್ರಿ. ಶ. 941 ರಲ್ಲಿ ಪಂಪನು ತನ್ನ ಭಾರತವನ್ನು ಬರೆದದ್ದು ಇದೇ ಪುಲಿಗೆರೆಯ ತಿರುಳ್ಗನ್ನಡದಲ್ಲಿ, ಎಂದರೆ ನಮ್ಮ ಲಕ್ಷ್ಮೇಶ್ವರದ ನುಡಿಯಲ್ಲಿ. ಅಲ್ಲಿ ೞಕಾರವು ತನ್ನ ಸ್ಥಾನದಲ್ಲಿಯೇ ಇರುವದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ, ಯಾವ ಯಾವ ಶಬ್ದಗಳಲ್ಲಿ ಈ ರಳವೆಂಬ ೞಕಾರವಿದೆಯೆಂದು ಪಟ್ಟಿ ಮಾಡಿಕೊಟ್ಟನು. ಬಾಯಿಯಲ್ಲಿದ್ದುದಕ್ಕೆ ಯಾರೂ ಪಟ್ಟಿ ಮಾಡುವದಿಲ್ಲ. ಆ ಹೊತ್ತಿಗಾಗಲೇ ಕವಿಗಳು ತಡವರಿಸುತ್ತಿದ್ದಿರಬೇಕು. ಹದಿನೈದನೆಯ ಶತಮಾನದಲ್ಲಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಮತ್ತೊಮ್ಮೆ ಭಾರತವನ್ನು ಹಾಡುವಾಗ ಅದು ಇಲ್ಲ. ಲಕ್ಷ್ಮೇಶ್ವರದಿಂದ ಗದುಗಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ದಾರಿ ನಡೆಯುವದರೊಳಗೆ ಒಂದು ಅಕ್ಷರವು ತೀರಿಕೊಂಡಿತ್ತು. ತಮಿಳರೂ ಮಲಯಾಳಿಗಳೂ ಅದನ್ನು ಇಂದಿಗೂ ಕಾಯ್ದುಕೊಂಡಿರುವರು. ಕಿಟ್ಟೆಲ್ ಸಾಹೇಬರು 1894 ರ ತಮ್ಮ ನಿಘಂಟಿನಲ್ಲಿ ಅದನ್ನು ಬೇರೆಯಾಗಿಯೇ ತೋರಿಸಿದರು.

ತೀರ್ಥರೂಪರು ಹೋದ ಮೇಲೆ ಅವರ ವಹಿಗಳನ್ನು ಅಚ್ಚು ಮಾಡಿಸಲು ಹೊರಟೆನು. ಛಾಪಖಾನೆಯವರು, “ಸರ್, ಈ ಅಕ್ಷರ ನಮ್ಮ ಕಂಪ್ಯೂಟರಿನ್ಯಾಗ ಇಲ್ಲರೀ” ಎಂದರು. ವರ್ಷಾಂತಕ್ಕೆ ಪುಸ್ತಕವು ಹೊರಬರಬೇಕೆಂದು ನನಗೆ ಆತುರ. “ಳಕಾರವನ್ನೇ ಹಾಕಿರಿ” ಎಂದುಬಿಟ್ಟೆನು. ಯೂನಿಕೋಡಿನಲ್ಲಿ ಅದಕ್ಕೂ ಒಂದು ಸ್ಥಾನವಿದೆಯೆಂದು ತಿಳಿದದ್ದು ಆಮೇಲೆ. ಅಲ್ಲಿಯೂ ಅದರ ಗ್ರಹಚಾರ ಬಿಟ್ಟಿಲ್ಲ: ಯಾರದೋ ತಪ್ಪಿನಿಂದ ಅದಕ್ಕೆ ‘ಫಾ’ ಎಂದು ಹೆಸರಿಟ್ಟಿರುವರು! ಒಮ್ಮೆ ಇಟ್ಟ ಹೆಸರನ್ನು ತೆಗೆಯುವ ನಿಯಮವಿಲ್ಲದ್ದರಿಂದ, ಸರಿಯಾದದ್ದನ್ನು ಮಗ್ಗುಲಲ್ಲಿ ಸೇರಿಸಿರುವರಂತೆ.

ಇನ್ನೂರು ಪ್ರತಿಗಳಲ್ಲಿ ಹಂಚದೆ ಉಳಿದವು ನಮ್ಮ ಅಟ್ಟದ ಮೇಲಿವೆ. ದಿನಾಲು ಸಾಯಂಕಾಲ ಒಂದನ್ನಿಳಿಸಿ, ಮೂಲ ವಹಿಯನ್ನು ಮಗ್ಗುಲಲ್ಲಿಟ್ಟುಕೊಂಡು, ಲೇಖಣಿಯಿಂದ ಳಕಾರವನ್ನು ತಿದ್ದುತ್ತ ಕೂಡ್ರುವೆನು. ಮೊನ್ನೆ ಮೊಮ್ಮಗಳು ನೋಡಿ ತಾನೂ ಒಂದನ್ನು ಬರೆದಳು. ನನ್ನದಕ್ಕಿಂತ ದುಂಡಾಗಿ ಬಂದಿತು. “ಅಜ್ಜಾ, ಇದನ್ನ ಹೆಂಗ ಅನ್ನಬೇಕು?” ಎಂದು ಕೇಳಿದಳು. ನಾಲಗೆಯನ್ನು ಹಿಂದಕ್ಕೆ ಮಡಿಚಿ ನಾಲ್ಕು ಸಲ ನೋಡಿದೆನು, ಬರಲಿಲ್ಲ. ಹಾಗೆ ನೋಡಿದರೆ ತೀರ್ಥರೂಪರೂ ಬರೆಯುವಾಗ ೞಕಾರವನ್ನು ಬರೆದು, ಓದುವಾಗ ಳಕಾರವನ್ನೇ ಓದುತ್ತಿದ್ದರು.