ಒಂದು ಹಿಡಿ ಮಣ್ಣು

ನಮ್ಮ ಕಡೆ ಸಾವಿಗೆ ಹೋಗುವುದನ್ನು ‘ಮಣ್ಣಿಗೆ ಹೋಗೋದು’ ಅನ್ನುತ್ತಾರೆ. ಮದುವೆಗೆ ಕರೆಯಬೇಕು, ಮಣ್ಣಿಗೆ ಯಾರೂ ಕರೆಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಹೊರಡಬೇಕು. ಕ್ರೈಸ್ತರಾದ ನಮಗೂ ಈ ಮಾತು ಸರಿಯಾಗಿ ಒಪ್ಪುತ್ತದೆ. ಗುರುಗಳ ಪ್ರಾರ್ಥನೆ ಮುಗಿದ ಮೇಲೆ ಬಂದವರೆಲ್ಲ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿಯುತ್ತಾರೆ. ಕೊರೊನಾ ಕಿತ್ತುಕೊಂಡದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಒಂದು ಹಿಡಿ ಮಣ್ಣು.

ಆ ದಿನಗಳ ಚರ್ಚಿನ ಬಗ್ಗೆ ಮಾತು ಬಂದರೆ ಜನ ಮುಚ್ಚಿದ ಬಾಗಿಲನ್ನು, ಯೂಟ್ಯೂಬಿನಲ್ಲಿ ನೋಡಿದ ಬಲಿಪೂಜೆಯನ್ನು ನೆನೆಯುತ್ತಾರೆ. 2020ರ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ತೊಯ್ದ ಖಾಲಿ ಚೌಕದ ಎದುರು ನಿಂತು ಪ್ರಾರ್ಥಿಸಿದ ಚಿತ್ರವಂತೂ ಎಲ್ಲರ ಕಣ್ಣಲ್ಲಿದೆ. ಬಾಗಿಲು ಮುಚ್ಚಿದ್ದು ಸರಿಯೇ. ಅದೇ ತಿಂಗಳ 10ರಂದು ಅಮೆರಿಕದ ಮೌಂಟ್ ವರ್ನನ್ ಎಂಬ ಊರಿನ ಚರ್ಚೊಂದರಲ್ಲಿ ಹಾಡಿನ ಅಭ್ಯಾಸಕ್ಕೆ 61 ಮಂದಿ ಸೇರಿದ್ದರು. ಅವರಲ್ಲಿ ಐವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಹೋದರು. ಆದರೆ ಬಾಗಿಲು ಮುಚ್ಚಲು ಒಂದು ಸುತ್ತೋಲೆ ಸಾಕು. ಸತ್ತವರನ್ನು ಎಲ್ಲಿ ಇಡುವುದು, ಯಾರು ಇಳಿಸುವುದು ಎಂಬುದು ಸುತ್ತೋಲೆಯಿಂದ ಮುಗಿಯುವ ಮಾತಲ್ಲ.

2020ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೊರೊನಾಕ್ಕೆ ಬಲಿಯಾದ ಕ್ರೈಸ್ತ ವೈದ್ಯರೊಬ್ಬರ ದೇಹ ಹೊತ್ತ ಆಂಬುಲೆನ್ಸಿನ ಮೇಲೆ ಜನ ಕಲ್ಲು ತೂರಿದರು. ಅವರ ಸಹೋದ್ಯೋಗಿ ವೈದ್ಯರು ರಾತ್ರಿಯಲ್ಲಿ ಬೇರೊಂದು ಸ್ಮಶಾನಕ್ಕೆ ಒಯ್ದು ಹೂಳಬೇಕಾಯಿತು. ಆ ಸುದ್ದಿ ಓದಿದ ವಾರ ನಮ್ಮ ಧರ್ಮಕೇಂದ್ರದಲ್ಲೂ ಗುಸುಗುಸು ಶುರುವಾಯಿತು. ನಮ್ಮ ಸಮಾಧಿ ಸ್ಥಳದ ಕಾಂಪೌಂಡಿಗೆ ಅಂಟಿಕೊಂಡೇ ಮನೆಗಳಿವೆ. ‘ಕೊರೊನಾ ಹೆಣ ಇಲ್ಲಿಗೆ ಬೇಡ’ ಎಂದು ಕೆಲವರು ಫಾದರ್ ಹತ್ತಿರ ಹೋದರು. ಅವರು ವಾದಕ್ಕಿಳಿಯಲಿಲ್ಲ. ‘ಆಗಲಿ. ನಿಮ್ಮ ನಿಮ್ಮ ಮನೆಯಲ್ಲಿ ಯಾರು ಹೋದರೆ ಇಲ್ಲಿಗೆ ತರುವುದಿಲ್ಲ ಅಂತ ಹೆಸರು ಬರೆದು ಸಹಿ ಮಾಡಿ ಕೊಡಿ’ ಎಂದರಂತೆ. ಯಾರೂ ಬರೆಯಲಿಲ್ಲ. ಎರಡು ಮನೆಯವರು ಮಾತ್ರ ಬಹಳ ದಿನ ಅವರ ಜೊತೆ ಮಾತು ಬಿಟ್ಟರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಒಂದು ಮನೆಯಲ್ಲಿ ಹತ್ತು ತಿಂಗಳ ಕೂಸಿತ್ತು.

ಭಯವೊಂದೇ ಅಲ್ಲ, ಕೆಲವು ಕಡೆ ನೆಲವೇ ಒಪ್ಪುತ್ತಿರಲಿಲ್ಲ. ಕೇರಳದ ಆಲಪ್ಪುಳ ಕಡಲಂಚಿನ ಊರು. ನೆಲ ಬಗೆದರೆ ನೀರು ಉಕ್ಕುತ್ತದೆ. ಸೋಂಕಿತರ ದೇಹಕ್ಕೆ ಹೇಳಿದಷ್ಟು ಆಳದ ಗುಂಡಿ ತೆಗೆಯುವುದು ಅಲ್ಲಿ ಆಗದ ಕೆಲಸ. 2020ರ ಜುಲೈನಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಜೇಮ್ಸ್ ಆನಾಪರಂಬಿಲ್ ದೇಹಗಳನ್ನು ಚರ್ಚಿನ ಸಮಾಧಿ ಸ್ಥಳದಲ್ಲೇ ದಹಿಸಿ, ಬೂದಿಯನ್ನು ಅಲ್ಲೇ ಹೂಳಲು ಒಪ್ಪಿಗೆ ಕೊಟ್ಟರು. ಹೊರಗಿನವರಿಗೆ ಇದು ಸಣ್ಣ ವಿಷಯ. ದಹನಕ್ಕೆ ರೋಮ್ 1963ರಲ್ಲೇ ಅನುಮತಿ ಕೊಟ್ಟಿದೆ, ನಿಜ. ಆದರೆ ಕಾಗದದ ಅನುಮತಿ ಬೇರೆ, ನಮ್ಮ ಅಜ್ಜಿಯಂದಿರ ಮನಸ್ಸು ಬೇರೆ. ಕೊನೆಯ ದಿನ ದೇಹ ಎದ್ದು ಬರುತ್ತದೆ ಎಂದು ನಂಬಿ, ತಮ್ಮ ಸಮಾಧಿಯ ಜಾಗ ಯಾವುದೆಂದು ಮೊದಲೇ ಮಕ್ಕಳಿಗೆ ತೋರಿಸಿಟ್ಟ ಜನ ಅವರು. ಅವರ ಮುಂದೆ ನಿಂತು ‘ಚಿತೆ ಹಚ್ಚೋಣ’ ಎನ್ನುವುದಕ್ಕೆ ಎದೆ ಬೇಕು. ನನಗೆ ಅದು ಖಾಲಿ ಚೌಕದ ಚಿತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಮಹಾಧರ್ಮಕ್ಷೇತ್ರದ ಆಸರೆಯಲ್ಲಿ ಸ್ವಯಂಸೇವಕರ ತಂಡವೊಂದು ಇದೇ ಕೆಲಸಕ್ಕೆ ನಿಂತಿತು. ಹೂಳುವವರಲ್ಲೂ ಹೂಳಿಸಿಕೊಂಡವರಲ್ಲೂ ಎಲ್ಲ ಧರ್ಮದವರಿದ್ದರು. ಮುಖ ಕಾಣದ ಪಿಪಿಇ ಉಡುಪಿನೊಳಗೆ ಯಾರು ಯಾವ ಜಾತಿ ಎಂದು ಹೇಗೆ ಗುರುತಿಸುವುದು!

ಕರಾವಳಿಯವರಿಗೆ ಇಂಥದ್ದು ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡುತ್ತ ಕೂತ ಜರ್ಮನ್ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗ್ ಆಸ್ಪತ್ರೆ ತೆರೆದರು. ಇನ್ನೂ ಹಿಂದೆ ಹೋದರೆ ಮಾರ್ಟಿನ್ ಲೂಥರ್. (ಕಥೋಲಿಕನೊಬ್ಬ ಲೂಥರನನ್ನು ಹೊಗಳಿದರೆ ನಮ್ಮಲ್ಲಿ ಈಗಲೂ ಹುಬ್ಬೇರುತ್ತದೆ, ಏರಲಿ.) 1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಅವನು ಊರು ಬಿಡಲಿಲ್ಲ. ಪ್ಲೇಗಿಗೆ ಹೆದರಿ ಓಡಬಹುದೇ ಎಂದು ಕೇಳಿದವರಿಗೆ ಬರೆದ ಪತ್ರದಲ್ಲಿ ಎರಡೂ ಮಾತು ಹೇಳಿದ: ಸಭೆಯ ಹೊಣೆ ಹೊತ್ತವನು ಇರಲೇಬೇಕು, ಜೊತೆಗೇ ಮನೆಗೆ ಹೊಗೆ ಹಾಕಿ, ಮದ್ದು ತೆಗೆದುಕೊಳ್ಳಿ, ನಿಮ್ಮ ಅಗತ್ಯವಿಲ್ಲದ ಕಡೆ ಸುಮ್ಮನೆ ಹೋಗಬೇಡಿ. ನಮ್ಮ ಕಾಲದ ಕೆಲವು ಬೋಧಕರು ಈ ಎರಡನೆಯ ಮಾತನ್ನು ಅವಿಶ್ವಾಸವೆಂದು ಸಾರಿದ್ದನ್ನು ಕೇಳಿದ್ದೇನೆ. ಅವರ ಭಂಡಧೈರ್ಯಕ್ಕೆ ಬೆಲೆ ತೆತ್ತವರು ಅವರ ಮಾತು ನಂಬಿದವರು.

2021ರ ಮೇನಲ್ಲಿ ನಮ್ಮ ಚಿಕ್ಕಪ್ಪ ಹೋದರು. ಚಿಕ್ಕಮ್ಮನಿಗೂ ಸೋಂಕಿದ್ದುದರಿಂದ ಮನೆ ಬಿಡುವಂತಿರಲಿಲ್ಲ. ನಾನು ಗೇಟಿನ ಬಳಿ ನಿಂತಿದ್ದೆ. ನಾಲ್ವರು ಬಿಳಿ ಉಡುಪಿನವರು ಹಗ್ಗ ಹಿಡಿದು ಇಳಿಸಿದರು. ಐದನೆಯವರು ಫಾದರ್ ಎಂದು ಗೊತ್ತಾದದ್ದು ಅವರು ಕಾಲು ಎಳೆದು ನಡೆಯುವ ರೀತಿಯಿಂದ. ಪ್ರಾರ್ಥನೆ ಐದು ನಿಮಿಷದಲ್ಲಿ ಮುಗಿಯಿತು. ರಾತ್ರಿ ಫೋನಿನಲ್ಲಿ ಚಿಕ್ಕಮ್ಮ ಪೆಟ್ಟಿಗೆಯನ್ನಾಗಲಿ ಹೂವನ್ನಾಗಲಿ ವಿಚಾರಿಸಲಿಲ್ಲ. ‘ಮಣ್ಣು ಯಾರು ಹಾಕಿದ್ರಪ್ಪಾ?’ ಎಂದರು. ನನಗೆ ಗೊತ್ತಿರಲಿಲ್ಲ. ಮರುದಿನ ಫಾದರ್ ತಾವೇ ಫೋನ್ ಮಾಡಿ ನಾಲ್ಕು ಹೆಸರು ಹೇಳಿದರು. ಅದರಲ್ಲಿ ಎರಡು ನಮ್ಮವರದಲ್ಲ. ಚಿಕ್ಕಮ್ಮ ನಾಲ್ಕನ್ನೂ ಜಪದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡರು.

ಆ ನವೆಂಬರ್ 2ರಂದು, ಸತ್ತವರ ಹಬ್ಬಕ್ಕೆ, ಅವರನ್ನು ಸಮಾಧಿಗೆ ಕರೆದುಕೊಂಡು ಹೋದೆ. ಸೇವಂತಿಗೆ ಹಾರ ಹಾಕಿ ಮೇಣದಬತ್ತಿ ಹಚ್ಚಿದರು. ಪಕ್ಕದ ಗುಂಡಿಗೆ ಯಾರೂ ಬಂದಿರಲಿಲ್ಲ, ಹುಲ್ಲು ಎದ್ದಿತ್ತು. ಅದು ಯಾರದೆಂದು ಚಿಕ್ಕಮ್ಮ ಕೇಳಿದರು. ಫಾದರ್ ಒಳಗಿಂದ ರಿಜಿಸ್ಟರ್ ತಂದು, ಆ ಮೇ ತಿಂಗಳ ಪುಟಗಳನ್ನು ಒಂದೊಂದಾಗಿ ತಿರುವತೊಡಗಿದರು.