ಡಬ್ಬಿಯ ಅಂಕಿಯನ್ನು ಎಷ್ಟು ನಂಬಬೇಕು?

ದಾವಣಗೆರೆ ಎಂದರೆ ಎಲ್ಲರಿಗೂ ಬೆಣ್ಣೆ ದೋಸೆ ನೆನಪಾಗುತ್ತದೆ. ನಮ್ಮ ಮನೆಯವರಿಗೆ ಮಾತ್ರ ಮಂಡಕ್ಕಿ. ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಕೆಲಸದಿಂದಲೇ ನನ್ನ ಕಾಲೇಜಿನ ಫೀಸು ಬರುತ್ತದೆ. ಆ ಒಲೆಯ ಹೊಗೆಯೂ ನಮ್ಮ ಓಣಿಗೇ ಬರುತ್ತದೆ. ಮನೆಯಲ್ಲಿ ದಾದಿಗೆ ಉಬ್ಬಸ. ಹೀಗೆ ಅನ್ನವೂ ಕೆಮ್ಮೂ ಒಂದೇ ಒಲೆಯಿಂದ ಬರುವ ಮನೆ ನಮ್ಮದು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಭಾಯಿಜಾನ್ ಕಳೆದ ವರ್ಷ ತಮ್ಮ ಪ್ರಾಜೆಕ್ಟಿಗಾಗಿ ಗಾಳಿಯ ಮಾಲಿನ್ಯ ಅಳೆಯುವ ಒಂದು ಸೆನ್ಸರ್ ತರಿಸಿದರು. ಕೆಲವು ಸಾವಿರ ರೂಪಾಯಿಯ ಪುಟ್ಟ ಡಬ್ಬಿ ಅದು. ಒಂದು ಸಂಜೆ ಅದರ ಪರದೆಯಲ್ಲಿ ಅಂಕಿ 100 ದಾಟಿತು. ಓಣಿಯವರು ಬಂದು ಫೋಟೊ ತೆಗೆದುಕೊಂಡರು. ಇದನ್ನೇ ಇಟ್ಟುಕೊಂಡು ಭಟ್ಟಿಯ ಮೇಲೆ ದೂರು ಕೊಡೋಣ ಎಂದು ಒಬ್ಬರು, ಇದೆಲ್ಲ ಮಕ್ಕಳ ಆಟಿಕೆ ಎಂದು ಇನ್ನೊಬ್ಬರು. ಅಬ್ಬಾ ನನ್ನ ಕಡೆ ತಿರುಗಿ, "ಬೇಟಿ, ನೀನು ಲೆಕ್ಕ ಓದುವವಳು. ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಈ ಡಬ್ಬಿಗೆ ಮುದ್ರೆ ಹಾಕಿದವರು ಯಾರು?" ಎಂದು ಕೇಳಿದರು.

ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ವಿಜ್ಞಾನ ಹೆಚ್ಚು ಗೊತ್ತಿಲ್ಲ. ಆದರೆ ಆ ಪ್ರಶ್ನೆ ಲೆಕ್ಕದ ಪ್ರಶ್ನೆಯೇ ಆಗಿತ್ತು. ಆದ್ದರಿಂದ ಭಾಯಿಜಾನ್ ಜೊತೆ ಕುಳಿತು ಓದತೊಡಗಿದೆ.

ಆ ಡಬ್ಬಿ ಅಳೆಯುವುದು ಪಿಎಂ 2.5 ಎಂಬ ಕಣಗಳನ್ನು. ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಧೂಳು ಮತ್ತು ಹೊಗೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡಬ್ಬಿಯೊಳಗಿನ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ. ಎಷ್ಟು ಚದುರಿತು ಎಂಬುದರ ಮೇಲೆ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳಿದೆ ಎಂದು ಡಬ್ಬಿ ಅಂದಾಜು ಮಾಡುತ್ತದೆ. ಗಮನಿಸಿ, ಅದು ಧೂಳನ್ನು ತೂಗುವುದೇ ಇಲ್ಲ. ಚೀಲ ನೋಡಿಯೇ ತೂಕ ಹೇಳುವ ವ್ಯಾಪಾರಿಯ ಹಾಗೆ ಅದರ ಕೆಲಸ. ಸರ್ಕಾರಿ ಕೇಂದ್ರಗಳಲ್ಲಿ ಬಳಸುವ ಯಂತ್ರಗಳಿಗೆ ಹಲವು ಲಕ್ಷ ರೂಪಾಯಿ ಬೆಲೆ. ಅಂಥ ಒಂದು ಬಗೆಯ ಯಂತ್ರವು ಧೂಳನ್ನು ಫಿಲ್ಟರ್ ಪಟ್ಟಿಯ ಮೇಲೆ ಹಿಡಿದು, ಬೀಟಾ ಕಿರಣ ಹಾಯಿಸಿ ಅದರ ತೂಕ ಕಂಡುಹಿಡಿಯುತ್ತದೆ.

ಅಂದಾಜು ತಪ್ಪುವುದಕ್ಕೆ ಕಾರಣಗಳಿವೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಆಗ ಬೆಳಕು ಹೆಚ್ಚು ಚದುರಿ ಅಂಕಿಯೂ ಏರುತ್ತದೆ. ಇನ್ನೊಂದು ಕಡೆ, ರಸ್ತೆಯ ದಪ್ಪ ಧೂಳನ್ನು ಈ ಸೆನ್ಸರ್‌ಗಳು ಸರಿಯಾಗಿ ಗುರುತಿಸುವುದಿಲ್ಲ. ಆದ್ದರಿಂದ ಅವು ತೋರಿಸುವ ಪಿಎಂ 10 ಅಂಕಿಯನ್ನು ನಂಬುವುದು ಕಷ್ಟ. ಬಳಸುತ್ತಾ ಹೋದಂತೆ ಒಳಗೆ ಧೂಳು ಕೂತು ಅಳತೆ ಕೆಡುವುದೂ ಉಂಟು.

ಹಾಗಾದರೆ ಬಿಸಾಡಬೇಕೇ? ಬೇಡ. ಅಮೆರಿಕದಲ್ಲಿ ಪರ್ಪಲ್‌ಏರ್ ಎಂಬ ಕಡಿಮೆ ಬೆಲೆಯ ಸೆನ್ಸರ್‌ಗಳನ್ನು ಜನ ಸಾವಿರಾರು ಮನೆಗಳಲ್ಲಿ ಹಾಕಿಕೊಂಡಿದ್ದಾರೆ. ಅವುಗಳನ್ನು ಸರ್ಕಾರಿ ಯಂತ್ರಗಳ ಪಕ್ಕದಲ್ಲಿಟ್ಟು ಹೋಲಿಸಿ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯವರು ಒಂದು ಸೂತ್ರ ಮಾಡಿದರು. 2021ರಲ್ಲಿ ಪ್ರಕಟವಾದ ಸೂತ್ರ ಇದು: ಸೆನ್ಸರ್ ಅಂಕಿಯನ್ನು 0.524ರಿಂದ ಗುಣಿಸಿ, ಗಾಳಿಯ ತೇವಾಂಶದ 0.0862 ಪಾಲನ್ನು ಕಳೆದು, 5.75 ಕೂಡಿಸಬೇಕು. ಒಂದು ದಿನದ ಸರಾಸರಿ 100, ತೇವಾಂಶ ಶೇ. 80 ಎಂದುಕೊಳ್ಳಿ. ಲೆಕ್ಕ ಹಾಕಿದರೆ ಬರುವುದು ಸುಮಾರು 51. ಭಾರತದ ಮಾನದಂಡದ ಪ್ರಕಾರ 24 ಗಂಟೆಗಳ ಸರಾಸರಿಗೆ ಮಿತಿ 60. ಅಂದರೆ ಅದೇ ಗಾಳಿ, ಮೊದಲ ಅಂಕಿಯಲ್ಲಿ ಅಪರಾಧಿ, ಎರಡನೆಯದರಲ್ಲಿ ನಿರಪರಾಧಿ! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15. ಅದನ್ನು ಎರಡೂ ದಾಟಿವೆ ಎಂಬುದನ್ನೂ ಮರೆಯುವಂತಿಲ್ಲ.

ಆದರೆ ಅಲ್ಲಿನ ಸೂತ್ರವನ್ನು ಇಲ್ಲಿಗೆ ಹಾಗೆಯೇ ತರಲಾಗದು. ದೆಹಲಿ, ಬೆಂಗಳೂರು ಮತ್ತು ಉತ್ತರ ಭಾರತದ ಗ್ರಾಮೀಣ ಪ್ರದೇಶವಾದ ಹಮೀರ್‌ಪುರದಲ್ಲಿ ಇದೇ ಸೆನ್ಸರ್‌ಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಋತುವಿಗೆ ತಕ್ಕಂತೆ ಬೇರೆ ಬೇರೆ ತಿದ್ದುಪಡಿ ಮಾಡಿದರೆ ಫಲಿತಾಂಶ ಉತ್ತಮವಾಗುತ್ತದೆ ಎಂದು ಅದು ಹೇಳುತ್ತದೆ.

ಇದನ್ನು ಓದಿದಾಗ ನನಗೆ ಪ್ರಥಮ ಪಿಯುಸಿಯ ಬಿ.ಆರ್.ಎಸ್. ಪಾಠ ನೆನಪಾಯಿತು. ನಗದು ಪುಸ್ತಕದ ಶಿಲ್ಕಿಗೂ ಪಾಸ್‌ಬುಕ್ಕಿನ ಶಿಲ್ಕಿಗೂ ತಾಳೆಯಾಗದಿದ್ದರೆ ನಾವು ನಗದು ಪುಸ್ತಕವನ್ನು ಹರಿದು ಹಾಕುವುದಿಲ್ಲ. ವ್ಯತ್ಯಾಸ ಎಷ್ಟು, ಯಾಕೆ ಎಂದು ಪಟ್ಟಿ ಮಾಡುತ್ತೇವೆ. ಡಬ್ಬಿ ನಮ್ಮ ನಗದು ಪುಸ್ತಕ. ಪಾಸ್‌ಬುಕ್ ಎಲ್ಲಿ?

ಅದೂ ನಮ್ಮೂರಿನಲ್ಲೇ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಇಲ್ಲಿನ ದೇವರಾಜ ಅರಸು ಬಡಾವಣೆಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಆ ಕಡೆಯೇ ಇರುವ ಖಾಲಾ ಮನೆಯ ಮಹಡಿಯಲ್ಲಿ ಹತ್ತು ದಿನ ಡಬ್ಬಿ ಇಟ್ಟೆವು. ಕೇಂದ್ರದ ಅಂಕಿಗಳನ್ನು ಮೊಬೈಲಿನಲ್ಲಿ ನೋಡಿ ಎರಡು ಕಾಲಂ ಬರೆದುಕೊಂಡೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ಮಾತ್ರ ನಮ್ಮ ಡಬ್ಬಿ ಬಹಳ ಮುಂದೆ ಓಡುತ್ತಿತ್ತು.

ಇಷ್ಟರಿಂದ ಅಬ್ಬಾ ಪ್ರಶ್ನೆಗೆ ಉತ್ತರ ಸಿಕ್ಕಿತು. ಗಾಳಿಯಲ್ಲಿ ಧೂಳು ನಿಖರವಾಗಿ ಎಷ್ಟಿದೆ ಎಂದು ಹೇಳುವ ಮುದ್ರೆ ಈ ಡಬ್ಬಿಗಿಲ್ಲ. ಯಾವ ಹೊತ್ತಿನಲ್ಲಿ ಹೆಚ್ಚು, ಯಾವ ಕೋಣೆಯಲ್ಲಿ ಕಡಿಮೆ ಎಂದು ಹೇಳುವ ಯೋಗ್ಯತೆ ಇದೆ. ಅದನ್ನು ನಂಬಿ ದಾದಿಯ ಮಂಚವನ್ನು ಓಣಿಯ ಕಡೆಯ ಕೋಣೆಯಿಂದ ಹಿಂದಿನ ಕೋಣೆಗೆ ಸಾಗಿಸಿದೆವು. ಭಟ್ಟಿ ಉರಿಯುವ ಹೊತ್ತಿನಲ್ಲಿ ಕಿಟಕಿ ಮುಚ್ಚುತ್ತೇವೆ. ಇದಕ್ಕೆ ಲಕ್ಷ ರೂಪಾಯಿಯ ಯಂತ್ರ ಬೇಕಿರಲಿಲ್ಲ.

ಆದರೆ ಒಬ್ಬರ ದುಡಿಮೆಯ ಮೇಲೆ ದೂರು ಬರೆಯಲು ಒಂದು ಸಂಜೆಯ ಫೋಟೊ ಸಾಲದು. ಒಂದು ದಿನದ ಮಾರಾಟ ನೋಡಿ ವರ್ಷದ ಲಾಭ ಹೇಳಿದಂತೆ ಆಗುತ್ತದೆ ಅದು. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ, ದಾದಿಯ ಉಸಿರೂ ಲೆಕ್ಕಕ್ಕೆ ಬರಬೇಕು. ಆದ್ದರಿಂದ ಓಣಿಯವರು ಸೇರಿ ಬೇರೆ ಅರ್ಜಿ ಬರೆದೆವು: ನಮ್ಮಲ್ಲಿಗೆ ಬಂದು ಸರಿಯಾದ ಯಂತ್ರದಿಂದ ಅಳೆಯಿರಿ, ಹೊಗೆ ಕಡಿಮೆ ಮಾಡುವ ಒಲೆಗೆ ದಾರಿ ತೋರಿಸಿ ಎಂದು. ಕನ್ನಡದಲ್ಲಿ ಬರೆದವಳು ನಾನು. ಮೊದಲ ಸಹಿ ಅಬ್ಬಾ ಅವರದು.

ಸ್ನೇಹಿತರೇ, ಈಗ ಇಂಥ ಅಂಕಿಗಳು ದಿನವೂ ನಮ್ಮ ಮೊಬೈಲಿಗೆ ಬರುತ್ತವೆ. ಮುಂದಿನ ಸಲ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಇದು ಒಂದು ಕ್ಷಣದ್ದೇ, ಇಡೀ ದಿನದ್ದೇ? ಆಗ ಗಾಳಿಯಲ್ಲಿ ತೇವ ಎಷ್ಟಿತ್ತು? ಇದನ್ನು ಯಾವುದರ ಜೊತೆ ತಾಳೆ ನೋಡಿದ್ದಾರೆ?