ಬಿಳುಪಿನ ಡಬ್ಬಿಯೊಳಗಿನ ಪಾದರಸ

ನಮ್ಮ ಮಿರ್ಜಾನದ ಕಡೆ ಮದುವೆ ಗೊತ್ತಾಯಿತೆಂದರೆ ಬಟ್ಟೆಬರೆ, ಚಿನ್ನದ ಜೊತೆ ಹುಡುಗಿಯ ಮುಖದ ಬಣ್ಣದ ಚಿಂತೆಯೂ ಶುರುವಾಗುತ್ತದೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರದೊಡನೆ ಪುಟ್ಟ ಕ್ರೀಮು ಡಬ್ಬಿಗಳೂ ಇರುತ್ತವೆ. ನನ್ನ ಬಳಿ ಓದಿದ ಹುಡುಗಿಯೊಬ್ಬಳ ತಾಯಿ ಅಂಥ ಡಬ್ಬಿಯೊಂದನ್ನು ತೋರಿಸಿ, "ಹದಿನೈದೇ ದಿನಕ್ಕೆ ಬೆಳ್ಳಗಾಗ್ತಾರಂತೆ ಆಪಾ" ಎಂದರು. ತಿರುಗಿಸಿ ನೋಡಿದೆ. ತಯಾರಿಸಿದವರ ವಿಳಾಸವಿಲ್ಲ, ಒಳಗೇನಿದೆ ಎಂಬ ವಿವರವೂ ಇಲ್ಲ.

ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸದ ಲವಣ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉಂಟಾಗದಂತೆ ಅದು ತಡೆಯುತ್ತದೆ. ಆದ್ದರಿಂದ ಬಿಳುಪು ಬರುವುದು ಸುಳ್ಳಲ್ಲ. ಆದರೆ ಹಚ್ಚಿದ್ದು ಚರ್ಮದ ಮೇಲೇ ಉಳಿಯುವುದಿಲ್ಲ. ಒಳಗಿಳಿದು ರಕ್ತ ಸೇರಿ ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ.

ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ವೈದ್ಯರು ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣ ಕಂಡುಬಂತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು!

ಮೂತ್ರಪಿಂಡ ಸೋತರೆ ರಕ್ತದೊತ್ತಡ ಏರುತ್ತದೆ. ಪಾದರಸವು ರಕ್ತನಾಳವನ್ನು ನೇರವಾಗಿಯೂ ಕೆಡಿಸುತ್ತದೆ. ನಾಳದ ಒಳಗೋಡೆಯಲ್ಲಿ ಬಹಳ ತೆಳುವಾದ ಒಂದು ಪದರವಿದೆ. ಅದು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಡುತ್ತದೆ. ಗಂಧಕ ಇರುವ ಪ್ರೋಟೀನುಗಳಿಗೆ ಅಂಟಿಕೊಳ್ಳುವುದು ಪಾದರಸದ ಗುಣ. ಹಾಗೆ ಅಂಟಿಕೊಂಡು ದೇಹದ ರಕ್ಷಣೆಯನ್ನು ಕುಂದಿಸುತ್ತದೆ, ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಬಿಗಿಯುತ್ತದೆ. ಬಿಗಿದ ನಾಳದಲ್ಲಿ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು.

ಹಾಗಾದರೆ ಮೀನು ತಿನ್ನಬಹುದೇ ಎಂದು ಅಘನಾಶಿನಿಯ ದಡದ ನಾವು ಕೇಳುವುದು ಸಹಜ. ಖಂಡಿತ ತಿನ್ನಬಹುದು. ಚಿಕ್ಕ ಮೀನುಗಳಾದ ಬಂಗಡೆ, ತಾರಲೆಗಳಲ್ಲಿ ಪಾದರಸ ಕಡಿಮೆ, ಹೃದಯಕ್ಕೆ ಹಿತವಾದ ಕೊಬ್ಬು ಹೆಚ್ಚು. ಚಿಕ್ಕದನ್ನು ತಿಂದು ಬೆಳೆಯುವ ಶಾರ್ಕಿನಂಥ ದೊಡ್ಡ ಮೀನುಗಳಲ್ಲಿ ಪಾದರಸ ಸಂಗ್ರಹವಾಗುತ್ತದೆ. ಬಸುರಿಯರು, ಹಾಲೂಡಿಸುವ ತಾಯಂದಿರು ಅವುಗಳಿಂದ ದೂರವಿರಬೇಕು.

ಜಪಾನಿನ ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನು ತಿಂದ ಜನ ನರಳಿದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿದೆ. ಪಾದರಸ ಬೆರೆಸಿದ ಬಿಳುಪಿನ ಕ್ರೀಮಿಗೆ ಅದರಲ್ಲಿ ಅವಕಾಶವಿಲ್ಲ. ಆದರೆ ಪೆಟ್ಟಿಗೆಯೊಳಗೆ ಬರುವ ಡಬ್ಬಿಯನ್ನು ಯಾವ ಅಧಿಕಾರಿ ಪರೀಕ್ಷಿಸುತ್ತಾನೆ? ಅದನ್ನು ನಾವೇ ನೋಡಬೇಕು.

ಸಹೋದರಿಯರೇ, ಡಬ್ಬಿಯ ಮೇಲೆ ಮರ್ಕ್ಯುರಿ, ಕ್ಯಾಲೊಮೆಲ್ ಎಂದಿದ್ದರೆ ಮುಟ್ಟಬೇಡಿ. ವಿವರವೇ ಇಲ್ಲದ ಡಬ್ಬಿಯನ್ನೂ ಕೊಳ್ಳಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಇಂದೇ ನಿಲ್ಲಿಸಿ. ವೈದ್ಯರಿಗೆ ಡಬ್ಬಿ ತೋರಿಸಿ, ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ನಾಚಿಕೆಯಿಂದ ಮುಚ್ಚಿಡಬೇಡಿ. ಹಚ್ಚಿದವರ ಕೈ, ಟವೆಲ್, ದಿಂಬಿನಿಂದ ಮನೆಯ ಮಕ್ಕಳಿಗೂ ಅದು ಅಂಟುತ್ತದೆ.

ಕೆಲವು ಡಬ್ಬಿಗಳ ಮೇಲೆ 'ಚಿನ್ನ, ಬೆಳ್ಳಿಗೆ ತಾಗಿಸಬೇಡಿ' ಎಂದು ಬರೆದಿರುತ್ತದೆ. ಅದೂ ಪಾದರಸದ್ದೇ ಗುರುತು. ಮದುಮಗಳ ಬಳೆಗೆ ತಾಗಬಾರದ್ದು ಅವಳ ಕೆನ್ನೆಗೆ ತಾಗಬಹುದೇ?